ಎರಡು ಹೊಡೆತಗಳ ನಡುವೆ ಬಂದೂಕು ಎಲ್ಲಿರುತ್ತದೆ?

ಶೂಟಿಂಗ್ ರೇಂಜಿನ ಹಿಂಬದಿಯ ಬೆಂಚಿನಲ್ಲಿ ಕೂತು, ಗುರಿಪಟ ನೋಡುವುದನ್ನು ಬಿಟ್ಟು ಶೂಟರುಗಳ ಸೊಂಟವನ್ನೂ ಪಾದವನ್ನೂ ನೋಡುತ್ತಾ ಹೋದರೆ ಈ ಆಟದ ಇನ್ನೊಂದು ಮುಖ ಕಾಣುತ್ತದೆ. ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಚಿಕ್ಕ ಏರ್ ರೈಫಲ್ ರೇಂಜಿನಲ್ಲಿ ನಾನು ಹಾಗೆ ಕೂತಿದ್ದೆ. ಮೂರನೇ ಲೇನಿನಲ್ಲಿ ಹದಿಮೂರರ ಹುಡುಗಿ. ಗುಂಡು ಹಾರಿಸುತ್ತಾಳೆ, ಬಂದೂಕು ಇಳಿಸುತ್ತಾಳೆ, ಮುಂದಿನ ಮೇಜಿನ ಮೇಲೆ ಇಡಲು ಬಾಗುತ್ತಾಳೆ. ಬಿರುಸಾದ ಜಾಕೆಟ್ಟು ಬಾಗಲು ಬಿಡುವುದಿಲ್ಲ. ಮೊಣಕಾಲು ಮಡಿಸಿ, ಎಡ ಪಾದವನ್ನು ಒಂದಿಂಚು ಜರುಗಿಸಿ, ಹೇಗೋ ಇಡುತ್ತಾಳೆ. ಪೆಲೆಟ್ ಹಾಕಿ ಮತ್ತೆ ಎತ್ತಿಕೊಂಡಾಗ ಪಾದ ಮೊದಲಿದ್ದ ಜಾಗದಲ್ಲಿ ಇರುವುದಿಲ್ಲ. ನಲವತ್ತನೇ ಹೊಡೆತದ ಹೊತ್ತಿಗೆ ಅವಳ ಗುಂಡುಗಳ ಗ್ರೂಪು ಎಡಕ್ಕೆ ಸರಿದು ಒಂಬತ್ತರ ಸುತ್ತಿನಲ್ಲಿ ಹರಡಿಕೊಂಡಿತ್ತು. ನನ್ನ ಪಕ್ಕದಲ್ಲಿದ್ದ ಅವಳ ತಂದೆ, ಜರ್ಮನಿಯಿಂದ ಹೆಗಲಿಗೆ ಆನುವ ಹೊಸ ಬಟ್ ಪ್ಲೇಟ್ ತರಿಸುತ್ತಿದ್ದೇವೆ, ಬಂದ ಮೇಲೆ ಸರಿಹೋಗುತ್ತದೆ ಎಂದರು. ಮೂಲೆಯಲ್ಲಿ ಯಾರೂ ಬಳಸದೆ ನಿಂತಿದ್ದ ಕಬ್ಬಿಣದ ಸ್ಟ್ಯಾಂಡೊಂದನ್ನು ತಂದು ಅವಳ ಪಕ್ಕೆಯ ಮಟ್ಟಕ್ಕೆ ಏರಿಸಿ ಕೊಟ್ಟೆ. ಆಮೇಲೆ ಆ ಪಾದ ಜರುಗಲಿಲ್ಲ.

ಈ ಲೇಖನ ಆ ಸ್ಟ್ಯಾಂಡಿನ ಕುರಿತು, ಮತ್ತು ಅದರ ಸುತ್ತ ಬೆಳೆದಿರುವ ಸಲಕರಣೆಗಳ ಕುರಿತು. ಬಂದೂಕು, ಜಾಕೆಟ್, ಪೆಲೆಟ್ ಇವುಗಳ ಬಗ್ಗೆ ನಮ್ಮ ಕ್ಲಬ್ಬುಗಳಲ್ಲಿ ಮಾತು ಮುಗಿಯುವುದಿಲ್ಲ. ಸ್ಟ್ಯಾಂಡಿನ ಬಗ್ಗೆ ಮಾತೇ ಹುಟ್ಟುವುದಿಲ್ಲ. ಎಲ್ಲಾ ಕೊಂಡಾದ ಮೇಲೆ ಕೈಯಲ್ಲಿ ಉಳಿದ ಹಣಕ್ಕೆ ಏನು ಸಿಗುತ್ತದೋ ಅದನ್ನು ತರುತ್ತಾರೆ, ಇಲ್ಲವಾದರೆ ಬ್ಯಾಗಿನ ಮೇಲೆ ಬ್ಯಾಗ್ ಇಟ್ಟು ಸುಧಾರಿಸುತ್ತಾರೆ. ಇದು ತಪ್ಪು ಲೆಕ್ಕ ಎಂದು ನನಗೆ ವರ್ಷಗಳಿಂದ ಅನ್ನಿಸಿದೆ.

ಲೆಕ್ಕವನ್ನೇ ಮೊದಲು ನೋಡೋಣ. ಹತ್ತು ಮೀಟರ್ ಏರ್ ರೈಫಲ್ ಅರ್ಹತಾ ಸುತ್ತಿನಲ್ಲಿ 60 ಹೊಡೆತಗಳಿಗೆ ಇರುವ ಸಮಯ 1 ಗಂಟೆ 15 ನಿಮಿಷ. ಅಂದರೆ ಹೊಡೆತವೊಂದಕ್ಕೆ 75 ಸೆಕೆಂಡು. ಬಂದೂಕು ಎತ್ತಿ, ಕೆನ್ನೆ ಊರಿ, ಉಸಿರು ಇಳಿಸಿ, ಟ್ರಿಗರ್ ಒತ್ತಿ, ಫಾಲೋ ಥ್ರೂ ಮುಗಿಸಲು ಇಪ್ಪತ್ತು ಇಪ್ಪತ್ತೈದು ಸೆಕೆಂಡು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಉಳಿದ ಐವತ್ತು ಸೆಕೆಂಡು ಬಂದೂಕು ಹೆಗಲಿನ ಮೇಲೆ ಇರುವುದಿಲ್ಲ, ಸ್ಟ್ಯಾಂಡಿನ ಮೇಲೆ ಇರುತ್ತದೆ. ಹೊಡೆಯದೆ ಇಳಿಸುವುದೂ ಉಂಟು; ಹೋಲ್ಡ್ ಕೂಡಿಬರದಿದ್ದರೆ ಇಳಿಸುವುದೇ ಬುದ್ಧಿವಂತಿಕೆ ಎಂದು ಯಾವ ಕೋಚಾದರೂ ಹೇಳುತ್ತಾರೆ. ಅಂಕಕ್ಕೆ ಸೇರದ ಅಭ್ಯಾಸದ ಹೊಡೆತಗಳಾದ ಸೈಟರುಗಳನ್ನೂ ಇವನ್ನೂ ಸೇರಿಸಿದರೆ ಒಂದು ಮ್ಯಾಚಿನಲ್ಲಿ ಬಂದೂಕು ತೊಂಬತ್ತು ನೂರು ಸಲ ಏರಿ ಇಳಿಯುತ್ತದೆ. ಏರ್ ರೈಫಲ್ಲಿಗೆ ನಿಯಮ ಬಿಡುವ ಗರಿಷ್ಠ ತೂಕ 5.5 ಕೆಜಿ. ಅಷ್ಟು ಭಾರವನ್ನು ನೂರು ಸಲ ಎತ್ತಿ ಇಳಿಸಿ, ಪ್ರತಿ ಸಲವೂ 0.5 ಮಿ.ಮೀ. ವ್ಯಾಸದ ಚುಕ್ಕೆಯ ಮೇಲೆ ಮನಸ್ಸು ನಿಲ್ಲಿಸಬೇಕು. ಆ ಚುಕ್ಕೆ ಒಂದು ರಾಗಿಕಾಳಿನ ಅರ್ಧದಷ್ಟೂ ಇಲ್ಲ.

ಎತ್ತುವ ದೂರವೂ ಲೆಕ್ಕಕ್ಕೆ ಬರುತ್ತದೆ. ರೇಂಜಿನ ಮೇಜು 70ರಿಂದ 80 ಸೆಂ.ಮೀ. ಎತ್ತರ ಇರಬೇಕೆಂಬುದು ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ಅಳತೆ. ನಿಂತವರ ಹೆಗಲು ಅದಕ್ಕಿಂತ ಅರ್ಧ ಮೀಟರಿಗೂ ಮೇಲೆ. ಅಷ್ಟು ಕೆಳಕ್ಕೆ ಇಟ್ಟು ಅಷ್ಟು ಮೇಲಕ್ಕೆ ಎತ್ತುವುದಕ್ಕೂ, ಪಕ್ಕೆಯ ಮಟ್ಟದಲ್ಲಿ ನಿಂತ ಸ್ಟ್ಯಾಂಡಿನ ಕವೆಯಿಂದ ಒಂದು ಗೇಣು ಎತ್ತುವುದಕ್ಕೂ ಇರುವ ಅಂತರ ತೋಳಿಗಿಂತ ಬೆನ್ನಿಗೆ ಚೆನ್ನಾಗಿ ಗೊತ್ತು. ನಿಂತು ಹೊಡೆಯುವ ರೈಫಲ್ ಶೂಟರಿನ ಭಂಗಿ ಸಹಜವಾದದ್ದಲ್ಲ. ಎಡಗೈಯವರನ್ನು ಬಿಟ್ಟರೆ ಉಳಿದವರು ಎಡ ಪಕ್ಕೆಯನ್ನು ಗುರಿಯ ಕಡೆ ತಿರುಗಿಸಿ, ಬೆನ್ನನ್ನು ಹಿಂದಕ್ಕೆ ಬಾಗಿಸಿ, ಅಷ್ಟಿಷ್ಟು ತಿರುಚಿ, ಎಡ ಮೊಣಕೈಯನ್ನು ಸೊಂಟದ ಎಲುಬಿಗೆ ಊರಿ ನಿಲ್ಲುತ್ತಾರೆ. ಬಂದೂಕಿನ ಭಾರ ಸ್ನಾಯುವಿನ ಮೇಲೆ ಬೀಳದೆ ಎಲುಬಿನ ಮೂಲಕ ನೆಲಕ್ಕಿಳಿಯಲಿ ಎಂಬುದು ಇದರ ಉದ್ದೇಶ. ಬೆನ್ನುನೋವು ಈ ಆಟದವರ ಹಳೆಯ ದೂರು. ಆ ಐವತ್ತು ಸೆಕೆಂಡುಗಳಲ್ಲಿ ಬೆನ್ನಿಗೆ ಬಿಡುವು ಸಿಗಬೇಕು, ಆದರೆ ಭಂಗಿ ಬಿಚ್ಚಿಹೋಗಬಾರದು. ಬಿಡುವು ಕೊಟ್ಟೂ ಭಂಗಿಯನ್ನು ಕಾಯುವುದು, ಸ್ಟ್ಯಾಂಡಿನ ಕೆಲಸ ಇಷ್ಟೇ. ಆದ್ದರಿಂದಲೇ ಅದನ್ನು ಭಂಗಿಯ ಒಂದು ಭಾಗವೆಂದು ನಾನು ಎಣಿಸುತ್ತೇನೆ.

ನಿಯಮ ಪುಸ್ತಕ ಈ ವಸ್ತುವಿನ ಬಗ್ಗೆ ಕೆಲವೇ ಸಾಲು ಬರೆದಿದೆ, ಆದರೆ ಒಂದೊಂದು ಸಾಲಿಗೂ ಕಾರಣವಿದೆ. ಎರಡು ಹೊಡೆತಗಳ ನಡುವೆ ಬಂದೂಕು ಇಡಲು ಮಾತ್ರ ಸ್ಟ್ಯಾಂಡು ಬಳಸಬಹುದು. ಶೂಟರ್ ನಿಂತಾಗ ಅದರ ಯಾವ ಭಾಗವೂ ಹೆಗಲಿಗಿಂತ ಎತ್ತರ ಇರಕೂಡದು. ಮೇಜಿನ ಮುಂದಕ್ಕೆ, ಅಂದರೆ ಗುರಿಯ ಕಡೆಗೆ ದಾಟಿಸಿ ಇಡಕೂಡದು. ಅಕ್ಕಪಕ್ಕದ ಲೇನಿನವರಿಗೆ ಅಡ್ಡ ಬರಕೂಡದು. ಕೊನೆಯದು ಎಲ್ಲಕ್ಕಿಂತ ಮುಖ್ಯ: ಬಂದೂಕು ಸ್ಟ್ಯಾಂಡಿನ ಮೇಲಿರುವಾಗ ಶೂಟರಿನ ಕೈ ಅದರ ಮೇಲಿರಲೇಬೇಕು. ಕೈ ಬಿಟ್ಟು ಆಚೆ ಹೋಗುವುದಿದ್ದರೆ ಬಂದೂಕನ್ನು ಖಾಲಿ ಮಾಡಿ, ಕಣ್ಣಿಗೆ ಹೊಡೆಯುವ ಬಣ್ಣದ ಸುರಕ್ಷತಾ ಎಳೆಯನ್ನು ನಳಿಗೆಗೆ ತೂರಿಸಿ, ಮೇಜಿನ ಮೇಲೋ ನೆಲದ ಮೇಲೋ ಮಲಗಿಸಬೇಕು. ಸ್ಟ್ಯಾಂಡು ಬಂದೂಕಿನ ಗೂಟವಲ್ಲ ಎಂದು ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡಬೇಕಾದದ್ದು ಈ ಕಾರಣಕ್ಕೆ.

ಇನ್ನು ವಸ್ತುವಿನ ರಚನೆ. ಬಾಳೆಗೊನೆ ಬಾಗಿದಾಗ ತೋಟದಲ್ಲಿ ಕವೆಗೋಲು ಕೊಡುತ್ತಾರಲ್ಲ, ಮೂಲದಲ್ಲಿ ಇದು ಅದೇ. ತಳ, ಕಂಬ, ಕವೆ. ಮಾರುಕಟ್ಟೆಯಲ್ಲಿ ಎರಡು ಜಾತಿ ಸಿಗುತ್ತವೆ: ನೆಲದ ಮೇಲೆ ತಾನೇ ನಿಲ್ಲುವುದು, ಮತ್ತು ಮೇಜಿನ ಅಂಚಿಗೆ ಕಚ್ಚಿಕೊಳ್ಳುವುದು. ಮೇಜಿಗೆ ಕಚ್ಚುವುದು ಹಗುರ, ಅಗ್ಗ, ಪ್ರಯಾಣಕ್ಕೆ ಅನುಕೂಲ. ಆದರೆ ಅದರ ಯೋಗ್ಯತೆ ಮೇಜಿನ ಯೋಗ್ಯತೆಗೆ ಕಟ್ಟುಬಿದ್ದಿದೆ. ನಮ್ಮಲ್ಲಿ ಎಷ್ಟೋ ರೇಂಜುಗಳ ಮೇಜುಗಳು ಮಡಿಸುವ ಕಾಲಿನ ತೆಳು ಹಲಗೆಗಳು. ಬಂದೂಕು ಇಟ್ಟಾಗ ಪೆಲೆಟ್ ಡಬ್ಬಿ ಕುಣಿಯುತ್ತದೆ. ಜೊತೆಗೆ ಮೇಜು ಎಲ್ಲಿದೆಯೋ ಅಲ್ಲಿಗೆ ಶೂಟರ್ ಹೊಂದಿಕೊಳ್ಳಬೇಕಾಗುತ್ತದೆ. ಆದದ್ದರಿಂದ ನೆಲದ ಮೇಲೆ ನಿಲ್ಲುವುದನ್ನೇ ನಾನು ಸೂಚಿಸುತ್ತೇನೆ, ಭಾರ ಹೊರುವ ತೊಂದರೆ ಇದ್ದರೂ.

ತಳದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅವಘಡಗಳು ಶುರುವಾಗುವುದು ಅಲ್ಲಿಂದ. ಮುಕ್ಕಾಲಿಯ ಹಗುರ ಸ್ಟ್ಯಾಂಡನ್ನು ತೆಗೆದುಕೊಳ್ಳಿ. ಒಂದೂವರೆ ಕೆಜಿ ತೂಕ, ಕಂಬದ ನಡುವಿನಿಂದ ಕಾಲಿನ ತುದಿಗೆ 40 ಸೆಂ.ಮೀ. ನೋಡಲು ಅಗಲವಾಗಿ ನಿಂತಂತೆ ಕಾಣುತ್ತದೆ. ಆದರೆ ಮುಕ್ಕಾಲಿ ಮಗುಚುವುದು ಕಾಲಿನ ತುದಿಯ ಮೇಲಲ್ಲ, ಎರಡು ಕಾಲುಗಳ ತುದಿಯನ್ನು ಸೇರಿಸುವ ಗೆರೆಯ ಮೇಲೆ. ಆ ಗೆರೆ ನಡುವಿನಿಂದ 20 ಸೆಂ.ಮೀ. ಮಾತ್ರ ದೂರ. ಬಂದೂಕು ಎತ್ತಿಕೊಂಡ ಮೇಲೆ ಖಾಲಿ ನಿಂತಿರುವ ಆ ಸ್ಟ್ಯಾಂಡಿನ ತಲೆಯನ್ನು, ನೆಲದಿಂದ 1.1 ಮೀಟರ್ ಎತ್ತರದಲ್ಲಿ, ಕಾಲು ಕೆಜಿಗಿಂತ ತುಸು ಹೆಚ್ಚು ಬಲದಲ್ಲಿ ತಳ್ಳಿದರೆ ಸಾಕು, ಬೀಳುತ್ತದೆ. ಜಾಕೆಟ್ಟಿನ ತೋಳು ತಾಗಿದರೆ ಅಷ್ಟು ಬಲ ಬರುತ್ತದೆ. ಇದಕ್ಕೆ ಬದಲು 30 ಸೆಂ.ಮೀ. ಚೌಕದ, 10 ಮಿ.ಮೀ. ದಪ್ಪದ ಉಕ್ಕಿನ ತಗಡು ತಳವಾಗಿದ್ದರೆ ಆ ತಗಡೊಂದೇ 7 ಕೆಜಿ ತೂಗುತ್ತದೆ. ಅದೇ ಎತ್ತರದಲ್ಲಿ ಅದನ್ನು ಕೆಡವಲು ಒಂದು ಕೆಜಿಗೂ ಮೀರಿದ ಬಲ ಬೇಕು. ಚಿಕ್ಕ ತಳ, ಆದರೆ ನಾಲ್ಕು ಪಟ್ಟು ಗಟ್ಟಿ. ಹತ್ತು ಮೀಟರ್ ರೇಂಜಿನಲ್ಲಿ ಒಬ್ಬರಿಗೆ ಸಿಗುವ ಜಾಗದ ಅಗಲ ಕನಿಷ್ಠ 1 ಮೀಟರ್ ಎಂದಷ್ಟೇ ನಿಯಮ ಹೇಳುತ್ತದೆ. ಅದರಲ್ಲಿ 70 ಸೆಂ.ಮೀ.ಯನ್ನು ಮುಕ್ಕಾಲಿಯೇ ನುಂಗಿದರೆ ಪಾದ ಇಡುವುದೆಲ್ಲಿ?

ಮುಕ್ಕಾಲಿಯೇ ಇರುವವರು ಅದನ್ನು ಎಸೆಯಬೇಕಾಗಿಲ್ಲ. ಒಂದು ಕಾಲನ್ನು ನೇರ ಗುರಿಯ ಕಡೆಗೆ ತಿರುಗಿಸಿ ಇಡಿ, ಏಕೆಂದರೆ ಬಂದೂಕು ಇಳಿಸುವಾಗ ಕೈ ತಳ್ಳುವುದು ಆ ಕಡೆಗೆ. ಕಂಬದ ಬುಡಕ್ಕೆ ಮರಳು ತುಂಬಿದ ಚೀಲ ತೂಗುಬಿಡಿ. ಮೂರು ಕಾಲೂ ಒಂದೇ ಹಾಸಿನ ಮೇಲಿವೆಯೇ ನೋಡಿ.

ಈ ಕೊನೆಯ ಮಾತನ್ನು ನಾನು ಕಲಿತದ್ದು ಬೆಲೆ ತೆತ್ತು. ಹಲವು ವರ್ಷಗಳ ಹಿಂದೆ ಒಂದು ಪಂದ್ಯದಲ್ಲಿ ನನ್ನ ಮುಕ್ಕಾಲಿಯ ಎರಡು ಕಾಲು ರಬ್ಬರ್ ಹಾಸಿನ ಮೇಲೆ, ಒಂದು ಕಾಲು ಬರಿ ಸಿಮೆಂಟಿನ ಮೇಲೆ ಇದ್ದವು. ಕಣ್ಣಿಗೆ ಕಾಣದಷ್ಟು ವಾಲಿತ್ತು. ಇಪ್ಪತ್ತೆಂಟನೇ ಹೊಡೆತದ ಬಳಿಕ ಬೆವರು ಒರೆಸಲು ಎರಡೂ ಕೈಯನ್ನು ಬಂದೂಕಿನಿಂದ ತೆಗೆದೆ. ಅರೆಕ್ಷಣ ಅಷ್ಟೇ. ಬಂದೂಕು ಮೆಲ್ಲಗೆ ಎಡಕ್ಕೆ ಹೊರಳಿ ಕವೆಯಿಂದ ಜಾರಿತು. ಬ್ಯಾರಲ್ಲಿನ ತುದಿ ನೆಲಕ್ಕೆ ಬಡಿದು ಮುಂದಿನ ಸೈಟಿನ ಸುರಂಗ ಸೊಟ್ಟಗಾಯಿತು. ಬಂದೂಕು ಖಾಲಿ ಇತ್ತು, ಯಾರಿಗೂ ಏನೂ ಆಗಲಿಲ್ಲ. ಆದರೆ ಇಡೀ ಸಾಲು ಹೊಡೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದ ಆ ಮೌನ ಇನ್ನೂ ನೆನಪಿದೆ. ಕೈ ಬಿಡಬಾರದೆಂಬ ನಿಯಮ ನನಗೆ ಬಾಯಿಪಾಠ ಬರುತ್ತಿತ್ತು.

ಮರು ತಿಂಗಳು ಪೀಣ್ಯದ ಒಂದು ಲೇತ್ ಶೆಡ್ಡಿಗೆ ಹೋಗಿ ಹೊಸ ಸ್ಟ್ಯಾಂಡು ಮಾಡಿಸಿದೆ. ತಳಕ್ಕೆ ಮೇಲೆ ಹೇಳಿದ ತಗಡು, ಮೂಲೆಗಳನ್ನು ಉಜ್ಜಿ ದುಂಡು ಮಾಡಿ ಕೆಳಗೆ ನಾಲ್ಕು ರಬ್ಬರ್ ಗುಂಡಿ. ಅದರ ನಡುವೆ ಬೆಸುಗೆ ಹಾಕಿದ ಕೊಳವೆ, ಒಳಗೆ ಜಾರುವ ಇನ್ನೊಂದು ಕೊಳವೆ. ಎತ್ತರ ಬಿಗಿಯಲು ಸೈಕಲ್ ಸೀಟಿನ ಕ್ಲ್ಯಾಂಪು, ಅದೂ ಹಿಡಿ ಮಡಿಸಿದರೆ ಬಿಗಿಯಾಗುವ ಜಾತಿಯದು. ತಿರುಪಿನ ಗುಬಟಿಗಿಂತ ಇದು ಎಷ್ಟೋ ವಾಸಿ: ಬಿಚ್ಚಿ ಏರಿಸಿ ಬಿಗಿಯಲು ಐದು ಸೆಕೆಂಡು, ಬೆವರಿದ ಕೈಗೂ ಜಾರದು. ಕವೆಯನ್ನು ಸರಳು ಬಾಗಿಸಿ ಮಾಡಿದರು. ಮೊದಲು ಅದಕ್ಕೆ ಸೈಕಲ್ ಟ್ಯೂಬ್ ಸುತ್ತಿದೆ. ಮರದ ಸ್ಟಾಕಿಗೆ ರಬ್ಬರ್ ಹಿಡಿದುಕೊಂಡು, ಎತ್ತುವಾಗ ಸಣ್ಣ ಜಗ್ಗು ಬರುತ್ತಿತ್ತು. ಆ ಜಗ್ಗಿಗೆ ಭುಜ ಉತ್ತರ ಕೊಡುತ್ತಿತ್ತು. ಆಮೇಲೆ ಚಪ್ಪಲಿ ಹೊಲಿಯುವವರಿಂದ ಮೆತ್ತನೆಯ ಚರ್ಮ ಹೊಲಿಸಿದೆ, ಒಳಮೈ ಹೊರಗೆ ಬರುವಂತೆ. ಬಂದೂಕು ಕೂರುವಾಗ ಸದ್ದಿಲ್ಲ, ಏಳುವಾಗ ತಡೆಯಿಲ್ಲ. ಆಮದಾಗುವ ಸ್ಟ್ಯಾಂಡುಗಳಿಗೆ ಹತ್ತಾರು ಸಾವಿರ ರೂಪಾಯಿ ಬೀಳುವಾಗ ಇದು ಅದರ ಒಂದು ಚೂರಿನಲ್ಲಿ ಮುಗಿಯಿತು. ಉಲ್ಮ್‌ನ ಆನ್‌ಷುಟ್ಸ್, ಕಾರ್ಲ್ಸ್‌ರೂಹದ ಗೇಮನ್ ಮುಂತಾದ ಜರ್ಮನಿಯ ಹೆಸರಾಂತ ತಯಾರಕರ ಕೈಚಳಕವನ್ನು ನಾನು ಕಡೆಗಣಿಸುತ್ತಿಲ್ಲ. ಸೈಟು, ಐರಿಸ್, ಬಟ್ ಪ್ಲೇಟುಗಳಲ್ಲಿ ಅವರ ನಿಖರತೆಗೆ ಬೇರೆ ದಾರಿಯಿಲ್ಲ. ಸ್ಟ್ಯಾಂಡಿಗೆ ದಾರಿಯಿದೆ ಎನ್ನುತ್ತಿದ್ದೇನೆ.

ಕವೆಯ ಆಕಾರದಲ್ಲಿ ಎರಡು ಪಂಥಗಳಿವೆ. ಇಂಗ್ಲಿಷಿನ ವಿ ಅಕ್ಷರದಂತಹ ಕವೆ ಯಾವ ಅಗಲದ ಸ್ಟಾಕನ್ನೂ ಹಿಡಿಯುತ್ತದೆ, ಆದರೆ ಬಂದೂಕು ಪ್ರತಿಸಲ ಬೇರೆ ಓರೆಯಲ್ಲಿ ಕೂರಬಹುದು. ಯು ಆಕಾರದ ಚಪ್ಪಟೆ ತಳದ ಕವೆ ಸ್ಟಾಕಿನ ಅಗಲಕ್ಕೆ ಹೊಂದಿದ್ದರೆ ಬಂದೂಕು ನೆಟ್ಟಗೆ ಕೂರುತ್ತದೆ, ಪೆಲೆಟ್ ಹಾಕುವಾಗ ತಿರುಗುವುದಿಲ್ಲ. ಈಗಿನ ಅಲ್ಯೂಮಿನಿಯಂ ಸ್ಟಾಕುಗಳ ಮುಂಭಾಗ ಚಪ್ಪಟೆಯಾಗಿರುವುದರಿಂದ ಎರಡನೆಯದೇ ಸರಿ.

ಎತ್ತರ ಹೇಗೆ ಗೊತ್ತುಮಾಡುವುದು? ಶೂಟರ್ ಪೂರ್ತಿ ಉಡುಪಿನಲ್ಲಿ ಭಂಗಿಗೆ ಬರಲಿ. ಕಣ್ಣು ಮುಚ್ಚಿ ಎರಡು ಉಸಿರು ತೆಗೆದು, ಕಣ್ಣು ಬಿಟ್ಟಾಗ ಸೈಟು ಗುರಿಯ ಮೇಲೆ ತಾನಾಗಿ ಬಂದಿರಬೇಕು. ಬಂದಿಲ್ಲವಾದರೆ ಮೊದಲು ಪಾದ ಸರಿಪಡಿಸಬೇಕು. ಆಮೇಲೆ ಪಾದವಾಗಲಿ ಸೊಂಟವಾಗಲಿ ಅಲುಗದಂತೆ, ಮೊಣಕೈ ಸಡಿಲಿಸಿ ಬಂದೂಕಿನ ಮೂತಿಯನ್ನು ಇಳಿಸಲಿ. ದೇಹ ಎಲ್ಲಿ ಪ್ರತಿಭಟಿಸಲು ಶುರುಮಾಡುತ್ತದೋ ಅದಕ್ಕಿಂತ ಎರಡು ಬೆರಳು ಮೇಲೆ ಕವೆ ನಿಲ್ಲಬೇಕು. ಸಾಮಾನ್ಯವಾಗಿ ಅದು ಹೊಡೆಯುವ ಮಟ್ಟಕ್ಕಿಂತ 10ರಿಂದ 15 ಸೆಂ.ಮೀ. ಕೆಳಗೆ ಬರುತ್ತದೆ. ಕೆಲವರು ಬಟ್ಟನ್ನು ಹೆಗಲಿನಿಂದ ತೆಗೆಯದೆಯೇ ಪೆಲೆಟ್ ಹಾಕುತ್ತಾರೆ, ಕೆಲವರು ತೆಗೆದು ತೋಳಿಗೋ ಸೊಂಟಕ್ಕೋ ಆನಿಸುತ್ತಾರೆ. ನುರಿತವರು ಹೇಗಾದರೂ ಮಾಡಲಿ. ಮಕ್ಕಳಿಗೆ ಮಾತ್ರ ಬಟ್ ಹೆಗಲಲ್ಲೇ ಉಳಿಯುವಷ್ಟು ಎತ್ತರದ ಕವೆ ಕೊಡುವುದು ಒಳ್ಳೆಯದು, ಏಕೆಂದರೆ ಹೆಗಲಿನ ಗುಳಿಯಲ್ಲಿ ಬಟ್ಟನ್ನು ಮತ್ತೆ ಮತ್ತೆ ಅದೇ ಜಾಗಕ್ಕೆ ಕೂರಿಸುವುದು ವರ್ಷಗಟ್ಟಲೆ ಅಭ್ಯಾಸ ಬೇಡುವ ಕೆಲಸ.

ಕಂಬಕ್ಕೆ ತಗಲಿಸುವ ಸಾಮಾನುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೆಲೆಟ್ ತಟ್ಟೆ ಬೇಕು. ಬಲಗೈ ತಾನಾಗಿ ಬೀಳುವ ಎತ್ತರದಲ್ಲಿ, ಕಣ್ಣು ತಿರುಗಿಸದೆ ಸಿಗುವಂತೆ ಇರಬೇಕು. ಡಬ್ಬಿಯಲ್ಲಿ ಐನೂರು ಪೆಲೆಟ್ ಒಟ್ಟಿಗಿದ್ದಾಗ ಬೆರಳಿಗೆ ಮೂರು ಬರುತ್ತವೆ, ಎರಡು ಬೀಳುತ್ತವೆ. ಹತ್ತು ಕುಳಿಗಳ ತಟ್ಟೆಯಲ್ಲಿ ಒಂದೊಂದೇ ಬರುತ್ತದೆ, ಸರಣಿಯ ಎಣಿಕೆಯೂ ತಪ್ಪುವುದಿಲ್ಲ. ಗಡಿಯಾರದ ಕ್ಲಿಪ್ಪು, ನೀರಿನ ಬಾಟಲಿಯ ಬಳೆ, ಟವೆಲಿನ ಕೊಕ್ಕೆ ಇವೆಲ್ಲ ಇದ್ದರೆ ಇರಲಿ, ಆದರೆ ಒಂದೊಂದೂ ಕಂಬದ ತಲೆಭಾರ ಹೆಚ್ಚಿಸುತ್ತದೆ. ಸೀಸ ಮುಟ್ಟಿದ ಕೈಯಲ್ಲಿ ತಿಂಡಿ ತಿನ್ನಬಾರದು ಎಂಬುದನ್ನು ಮಕ್ಕಳಿಗೆ ನೆನಪಿಸುತ್ತಿರಬೇಕು, ಬಾಟಲಿ ತಟ್ಟೆಯ ಪಕ್ಕವೇ ಇದ್ದರೆ ಇನ್ನೂ ಹೆಚ್ಚಾಗಿ.

ಐವತ್ತು ಮೀಟರ್ ಮೂರು ಭಂಗಿಯ ಸ್ಪರ್ಧೆಗೆ ಬಂದರೆ ಸಲಕರಣೆಯ ಪ್ರಶ್ನೆ ಮೂರು ಪಟ್ಟಾಗುತ್ತದೆ. ಮಂಡಿಯೂರಿ, ಮಲಗಿ, ನಿಂತು ತಲಾ 20 ಹೊಡೆತ. ಒಟ್ಟು ಒಂದೂವರೆ ಗಂಟೆ, ಭಂಗಿ ಬದಲಿಸುವ ಹೊತ್ತೂ ಅದರೊಳಗೇ. 2024ರ ಆಗಸ್ಟ್ 1ರಂದು, ಪ್ಯಾರಿಸ್ ಒಲಿಂಪಿಕ್ಸಿನ ಶೂಟಿಂಗ್ ನಡೆದ ಫ್ರಾನ್ಸಿನ ಶಾತೋರೂನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 451.4 ಅಂಕ ಗಳಿಸಿ ಕಂಚು ಗೆದ್ದಾಗ, ಈ ಸ್ಪರ್ಧೆಯಲ್ಲಿ ಭಾರತಕ್ಕೆ ಬಂದ ಮೊದಲ ಒಲಿಂಪಿಕ್ ಪದಕ ಅದು. ಅವರು ಮಂಡಿಯೂರುವ ಭಂಗಿಯಲ್ಲಿ ಹಿಂದೆ ಬಿದ್ದು ಆಮೇಲೆ ಮೇಲೆ ಬಂದದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದರು. ಭಂಗಿ ಬದಲಾಗುವ ನಿಮಿಷಗಳಲ್ಲಿ ನನ್ನ ಕಣ್ಣು ಶೂಟರುಗಳ ಕೈಯ ಮೇಲಿತ್ತು. ಬಟ್ ಪ್ಲೇಟ್, ಕೆನ್ನೆಯ ಆನಿಕೆ, ಕೈ ನಿಲುಗಡೆ, ಸ್ಲಿಂಗ್, ಸೈಟು, ಸ್ಟ್ಯಾಂಡು ಒಂದೊಂದೂ ಹೊಸ ಅಳತೆಗೆ ಹೋಗಬೇಕು. ಅಳತೆಯನ್ನು ತಲೆಯಲ್ಲಿ ಇಟ್ಟುಕೊಂಡವರು ಸಮಯ ಕಳೆದುಕೊಳ್ಳುತ್ತಾರೆ. ಕಂಬದ ಮೇಲೆ ಬಣ್ಣದ ಗೆರೆ ಹಾಕಿಕೊಂಡವರು ಕ್ಲ್ಯಾಂಪು ಬಿಚ್ಚಿ, ಗೆರೆಗೆ ತಂದು, ಬಿಗಿದು ಮುಂದಕ್ಕೆ ಹೋಗುತ್ತಾರೆ.

ಮಂಡಿಯೂರುವಾಗ ಬಳಸುವ ಉರುಳೆಯೂ ಒಂದು ರೀತಿಯ ಸ್ಟ್ಯಾಂಡೇ, ಬಂದೂಕಿನ ಬದಲು ಪಾದದ ಹರಡನ್ನು ಹೊರುತ್ತದೆ. ಉದ್ದ 25 ಸೆಂ.ಮೀ., ವ್ಯಾಸ 18 ಸೆಂ.ಮೀ. ಮೀರುವಂತಿಲ್ಲ, ಮೆತ್ತಗಿರಬೇಕು, ಕಟ್ಟಿ ಆಕಾರ ಕೊಡುವಂತಿಲ್ಲ. ಒಳಗೆ ಏನು ತುಂಬಬೇಕು ಎಂಬುದು ಅವರವರ ರುಚಿ. ಪ್ಲಾಸ್ಟಿಕ್ ಮಣಿ ತುಂಬಿದ್ದು ಜಾರುತ್ತದೆ, ಮರದ ಹೊಟ್ಟು ದಿನಗಳೆದಂತೆ ಗಟ್ಟಿಯಾಗುತ್ತದೆ. ನವಣೆ ತುಂಬಿದ ಉರುಳೆಯೊಂದನ್ನು ನಾನು ಬಳಸಿದ್ದೆ. ಹರಡಿನ ಆಕಾರಕ್ಕೆ ಕೂತು ಅಲ್ಲೇ ನಿಲ್ಲುತ್ತಿತ್ತು, ಅಷ್ಟು ಹಿತವಾದದ್ದನ್ನು ಆಮೇಲೆ ಕಂಡಿಲ್ಲ. ಮಳೆಗಾಲದಲ್ಲಿ ಹುಳ ಬೀಳುವುದರಿಂದ ಬಿಚ್ಚಿ ಬಿಸಿಲಿಗೆ ಹರಡುವ ಕೆಲಸ ಇತ್ತು ಅಷ್ಟೇ.

ಬಯಲಿನ ರೇಂಜಿನಲ್ಲಿ ಇನ್ನೊಂದು ಕಂಬ ನಿಲ್ಲುತ್ತದೆ, ದೂರದರ್ಶಕದ್ದು. ಕಾಗದದ ಗುರಿಯ ಕಾಲದಲ್ಲಿ ಗುಂಡು ಎಲ್ಲಿ ಬಿತ್ತೆಂದು ನೋಡಲು ಅದೇ ಕಣ್ಣು. ಈಗ ಎಲೆಕ್ಟ್ರಾನಿಕ್ ಗುರಿಪಟ ಪಕ್ಕದ ಪರದೆಯ ಮೇಲೆ ಎಲ್ಲ ಹೇಳುತ್ತದೆ. ಆದರೂ ದೂರದರ್ಶಕ ಹೋಗಿಲ್ಲ, ಗಾಳಿ ಓದಲು ಬೇಕು. ಐವತ್ತು ಮೀಟರ್ ರೇಂಜಿನಲ್ಲಿ 10 ಮತ್ತು 30 ಮೀಟರ್ ದೂರದಲ್ಲಿ ಚಿಕ್ಕ ಬಟ್ಟೆಯ ಬಾವುಟಗಳಿರುತ್ತವೆ. ಬಾವುಟ ಏಳದಷ್ಟು ಮೆಲುಗಾಳಿಯನ್ನು ಕಾದ ನೆಲದಿಂದೇಳುವ ಬಿಸಿಲ ಹಬೆ ತೋರಿಸಿಬಿಡುತ್ತದೆ. ಗುರಿಗಿಂತ ಸ್ವಲ್ಪ ಈಚೆಗೆ ಫೋಕಸ್ ಮಾಡಿದರೆ ಆ ಹಬೆ ತೊರೆಯ ನೀರಿನಂತೆ ಎಡಕ್ಕೋ ಬಲಕ್ಕೋ ಹರಿಯುವುದು ಕಾಣುತ್ತದೆ. ಗಾಳಿ ತಿರುಗುವ ಮುನ್ನ ಒಂದು ಕ್ಷಣ ನೆಟ್ಟಗೆ ಕುದಿಯುತ್ತದೆ. ಮಲಗಿ ಹೊಡೆಯುವವರು ಸೈಟಿನಿಂದ ತಲೆ ಎತ್ತದೆ, ಕಣ್ಣನ್ನಷ್ಟೇ ಹೊರಳಿಸಿ ಇದನ್ನು ನೋಡುವಂತಿರಬೇಕು. ಅದಕ್ಕೇ ಈ ಸ್ಟ್ಯಾಂಡಿಗೆ ಉದ್ದನೆಯ ಅಡ್ಡತೋಳು ಬೇಕು, ತೋಳಿನ ಇನ್ನೊಂದು ತುದಿಯಲ್ಲಿ ಸಮಭಾರ ಬೇಕು. ಅಗ್ಗದ ಕ್ಯಾಮೆರಾ ಮುಕ್ಕಾಲಿ ಇಲ್ಲಿ ಕೆಲಸಕ್ಕೆ ಬಾರದು. ಅದು ನೆಲದ ಮಟ್ಟಕ್ಕೆ ಇಳಿಯುವುದೇ ಇಲ್ಲ.

ಗುಂಡು ಹಾರುವಾಗಲೂ ಆಸರೆ ಒಪ್ಪುವ ಸ್ಪರ್ಧೆಗಳೂ ಜಗತ್ತಿನಲ್ಲಿವೆ. ಕೆನಡಾದ ಜಾರ್ಜ್ ಫಾರ್ಕರ್ಸನ್ ಅವರ ಹೆಸರಿನ ಮೊದಲಕ್ಷರ ಹೊತ್ತ ಎಫ್ ಕ್ಲಾಸ್ ಅದರಲ್ಲೊಂದು. ಅಲ್ಲಿನ ಒಂದು ವಿಭಾಗದಲ್ಲಿ ಬಂದೂಕಿಗೆ ಎರಡು ಕಾಲಿನ ಆಧಾರ ಕಟ್ಟಿ, ಹಿಂದೆ ಮರಳಿನ ಚೀಲವಿಟ್ಟು ಸಾವಿರ ಗಜದವರೆಗಿನ ದೂರಗಳಿಗೆ ಹೊಡೆಯುತ್ತಾರೆ. ಆಧಾರವೂ ಸೇರಿ ತೂಕ 8.25 ಕೆಜಿ ಮೀರುವಂತಿಲ್ಲ. ನಮ್ಮ ರಾಜ್ಯದ ಶೂಟರುಗಳಿಗೆ ಅದು ದೂರದ ಲೋಕ.

ಹತ್ತಿರದ ಲೋಕ ಬೇರೆಯೇ ಇದೆ. ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ರಾಮಕೃಷ್ಣ ಪ್ಯಾರಾ ಶೂಟಿಂಗಿನ ಎಸ್‌ಎಚ್2 ವರ್ಗದವರು. ತೋಳುಗಳಿಂದ ಬಂದೂಕಿನ ಭಾರ ಹೊರಲಾಗದ ಆಟಗಾರರ ವರ್ಗ ಅದು. 2022ರಲ್ಲಿ ಶಾತೋರೂ ವಿಶ್ವಕಪ್ಪಿನಲ್ಲಿ ಅವರು ಹತ್ತು ಮೀಟರ್ ಏರ್ ರೈಫಲ್ಲಿನಲ್ಲಿ ಚಿನ್ನ ಗೆದ್ದರು. ಎರಡು ವರ್ಷದ ಬಳಿಕ ಅದೇ ಊರಿನಲ್ಲಿ ನಡೆದ ಪ್ಯಾರಾಲಿಂಪಿಕ್ಸ್ ಶೂಟಿಂಗಿಗೂ ಹೋದರು. ಈ ವರ್ಗದಲ್ಲಿ ಸ್ಟ್ಯಾಂಡು ಎರಡು ಹೊಡೆತಗಳ ನಡುವಿನ ವಸ್ತುವಲ್ಲ. ಹೊಡೆತದ ಕ್ಷಣದಲ್ಲೂ ಬಂದೂಕು ಅದರ ಮೇಲೆಯೇ ಇರುತ್ತದೆ.

ಹಾಗಾದರೆ ಕೆಲಸ ಸುಲಭ ಎಂದುಕೊಳ್ಳುವವರು ಆ ಸ್ಟ್ಯಾಂಡಿನ ತಲೆಯನ್ನು ಒಮ್ಮೆ ಮುಟ್ಟಿ ನೋಡಬೇಕು. ಅದು ಗಟ್ಟಿ ಕವೆಯಲ್ಲ. ಕಂಬದ ಮೇಲೊಂದು ಸ್ಪ್ರಿಂಗ್, ಸ್ಪ್ರಿಂಗಿನ ಮೇಲೆ ಬಂದೂಕು ಕೂರುವ ಚಿಕ್ಕ ತಟ್ಟೆ. ಬೆರಳು ತಾಗಿದರೆ ತಟ್ಟೆ ತೂಗುತ್ತದೆ, ಉಸಿರಾಡಿದರೆ ಬಂದೂಕಿನ ಮೂತಿ ಏರಿಳಿಯುತ್ತದೆ. ಭಾರವನ್ನಷ್ಟೇ ಸ್ಟ್ಯಾಂಡು ಹೊರಬೇಕು, ಸ್ಥಿರತೆಯನ್ನು ಆಟಗಾರರೇ ತರಬೇಕು ಎಂಬುದು ಈ ಏರ್ಪಾಡಿನ ತಿರುಳು. ಆಟಗಾರರ ಅಂಗವೈಕಲ್ಯದ ಪ್ರಮಾಣಕ್ಕೆ ತಕ್ಕಂತೆ ಎರಡು ಬಗೆಯ ಸ್ಪ್ರಿಂಗ್‌ಗಳಿವೆ, ಒಂದು ಹೆಚ್ಚು ಬಿರುಸು, ಒಂದು ಕಡಿಮೆ. ಯಾರಿಗೆ ಯಾವುದೆಂದು ವರ್ಗೀಕರಣದಲ್ಲಿ ತೀರ್ಮಾನವಾಗುತ್ತದೆ. ಪೆಲೆಟ್ ಹಾಕಿಕೊಡಲು ಸಹಾಯಕರು ಪಕ್ಕದಲ್ಲಿರಬಹುದು. ಸಹಾಯಕರು ಹಾಕಿ ಕೈ ತೆಗೆದಾಗ ಸ್ಪ್ರಿಂಗ್ ತುಸು ತೂಗಿ ನಿಲ್ಲುವವರೆಗೆ ಕಾಯುವ ತಾಳ್ಮೆಯೂ ಅಲ್ಲಿ ಆಟದ ಭಾಗ. ಇನ್ನೊಂದೆಡೆ ಟೋಕಿಯೊ, ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಎರಡರಲ್ಲೂ ಚಿನ್ನ ಗೆದ್ದ ಅವನಿ ಲೇಖರಾ ಎಸ್‌ಎಚ್1 ವರ್ಗದವರು. ಗಾಲಿಕುರ್ಚಿಯಲ್ಲಿ ಕೂತು, ಬಂದೂಕಿನ ಪೂರ್ತಿ ಭಾರವನ್ನು ತಮ್ಮ ತೋಳುಗಳಲ್ಲೇ ಹೊತ್ತು ಹೊಡೆಯುತ್ತಾರೆ.

ಬಿರುಸು ಸರಿಯಾದ ಸ್ಪ್ರಿಂಗ್, ಅದನ್ನು ಅಲುಗದಂತೆ ಹಿಡಿಯುವ ಕಂಬ, ಗಾಲಿಕುರ್ಚಿಯ ಕಾಲುಮೆಟ್ಟಿಗೆ ತಾಗದ ತಳ, ಇವೆಲ್ಲ ನಮ್ಮ ಊರುಗಳಲ್ಲಿ ಅಂಗಡಿಗೆ ಹೋಗಿ ಕೊಳ್ಳುವ ವಸ್ತುಗಳಲ್ಲ. ಜಿಲ್ಲಾ ಮಟ್ಟದ ರೇಂಜುಗಳಲ್ಲಿ ಅಂತಹದೊಂದು ಸ್ಟ್ಯಾಂಡು ನಿಂತಿದ್ದನ್ನು ನಾನು ಕಂಡಿಲ್ಲ. ಆಟ ಆಡಬಲ್ಲವರು ಇದ್ದೂ, ಒಂದು ಕಂಬ ಇಲ್ಲದ್ದಕ್ಕೆ ಅವರು ರೇಂಜಿನ ಬಾಗಿಲಿಗೆ ಬರುವುದೇ ಇಲ್ಲ. ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲೋ ಇದನ್ನು ಮಾಡಬಲ್ಲ ಕೈಗಳಿವೆ. ಸ್ಪ್ರಿಂಗನ್ನು ನಿಯಮದ ಪ್ರಕಾರ ಹೊರಗಿನಿಂದ ತರಿಸಿ, ಉಳಿದದ್ದನ್ನು ಇಲ್ಲೇ ಮಾಡಿಸಬಹುದು. ರೇಂಜಿಗೊಂದು ಇದ್ದರೆ ಸಾಕು, ಶುರುವಾಗುತ್ತದೆ.

ಕಂಬ ಎಷ್ಟೇ ಗಟ್ಟಿಯಾಗಿದ್ದರೂ ಅದು ನಿಲ್ಲುವುದು ನೆಲದ ಮೇಲೆ. 2004ರ ಅಥೆನ್ಸ್ ಒಲಿಂಪಿಕ್ಸಿನ ಏರ್ ರೈಫಲ್ ಫೈನಲ್ಲಿನಲ್ಲಿ ತಾವು ನಿಂತಿದ್ದ ಲೇನಿನ ನೆಲಹಾಸು ಸಡಿಲವಾಗಿತ್ತು ಎಂಬುದು ಅಭಿನವ್ ಬಿಂದ್ರಾ ಅವರಿಗೆ ಆಮೇಲೆ ತಿಳಿಯಿತು. ಅರ್ಹತಾ ಸುತ್ತಿನಲ್ಲಿ ಚೆನ್ನಾಗಿ ಹೊಡೆದವರು ಫೈನಲ್ಲಿನಲ್ಲಿ ಏಳನೆಯವರಾದರು. ನಾಲ್ಕು ವರ್ಷದ ಬಳಿಕ ಬೀಜಿಂಗಿನಲ್ಲಿ, 2008ರ ಆಗಸ್ಟ್ 11ರಂದು, ಫೈನಲ್ಲಿನ ಮೊದಲ ಸೈಟರ್ ಹೊಡೆದಾಗ ಗುಂಡು ಹತ್ತರಿಂದ ಬಹುದೂರ ಬಿತ್ತು. ಬಂದೂಕು ತಮ್ಮ ಕೈಯಲ್ಲಿ ಇಲ್ಲದ ಹೊತ್ತಿನಲ್ಲಿ ಸೈಟು ಹೇಗೋ ಕದಲಿತ್ತೆಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಉಳಿದ ಸೈಟರುಗಳಲ್ಲೇ ಕ್ಲಿಕ್ಕುಗಳನ್ನು ತಿರುಗಿಸಿ ಸರಿಪಡಿಸಿಕೊಂಡು, ಕೊನೆಯ ಹೊಡೆತದಲ್ಲಿ 10.8 ಹೊಡೆದು ಚಿನ್ನ ಗೆದ್ದರು. ಪದಕದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಹೊಡೆಯದೆ ಇರುವ ಹೊತ್ತಿನಲ್ಲಿ ಬಂದೂಕಿಗೆ ಏನಾಗುತ್ತದೆ ಎಂಬ ಪ್ರಶ್ನೆಯೂ ಅದರೊಳಗೆ ಇದೆ. ನಾನು ಮಕ್ಕಳಿಗೆ ಹೇಳುವುದು ಎರಡು: ಲೇನಿಗೆ ಹೋದೊಡನೆ ಮೊದಲು ನೆಲವನ್ನು ಹಿಮ್ಮಡಿಯಿಂದ ಒತ್ತಿ ನೋಡಿ, ಸ್ಟ್ಯಾಂಡಿನ ತಲೆಯನ್ನು ಬೆರಳಿನಿಂದ ತಳ್ಳಿ ನೋಡಿ. ಬಂದೂಕು ಬಿಟ್ಟು ಹೋಗಿ ಬಂದರೆ ಸೈಟಿನ ಸಂಖ್ಯೆಗಳನ್ನು ಚೀಟಿಯ ಜೊತೆ ತಾಳೆ ನೋಡಿ.

ಹೊರಗಿನ ಪಂದ್ಯಗಳಿಗೆ 7 ಕೆಜಿ ತಳ ಹೊತ್ತೊಯ್ಯುವುದು ಕಷ್ಟ, ಒಪ್ಪುತ್ತೇನೆ. ದಿಲ್ಲಿಯ ಕರ್ಣಿ ಸಿಂಗ್ ರೇಂಜಿಗೆ ಹೋಗುವಾಗ ಬಂದೂಕಿನ ಪೆಟ್ಟಿಗೆ, ಉಡುಪಿನ ಚೀಲ, ಕಾಗದಪತ್ರ ಇಷ್ಟರಲ್ಲೇ ವಿಮಾನದ ತೂಕದ ಮಿತಿ ಮುಗಿಯುತ್ತದೆ. ನಾನು ಕಂಡುಕೊಂಡ ದಾರಿ ಹೀಗೆ: ಕಂಬವೂ ಕವೆಯೂ ನಮ್ಮವು, ಅವು ಚೀಲಕ್ಕೆ ಹೋಗಲಿ. ತಳಕ್ಕೆ ಮಡಿಸುವ ಮೂರು ಕಾಲು, ಮತ್ತು ಒಂದು ಖಾಲಿ ಬಟ್ಟೆಚೀಲ. ಹೋದ ಊರಿನಲ್ಲಿ ಆ ಚೀಲಕ್ಕೆ ಮರಳು ಸಿಗುತ್ತದೆ, ಇಲ್ಲವಾದರೆ ಎರಡು ಲೀಟರಿನ ಮೂರು ನೀರಿನ ಬಾಟಲಿ ತುಂಬಿದರೆ 6 ಕೆಜಿ. ಮಗುವಿಗೆ ಪರಿಚಿತವಾಗಿರಬೇಕಾದದ್ದು ಕವೆ, ಮತ್ತು ಅದರ ಎತ್ತರ.

ಎತ್ತರ ಮಕ್ಕಳಲ್ಲಿ ನಿಲ್ಲುವುದಿಲ್ಲ, ಬೆಳೆಯುತ್ತಾರೆ. ಬಟ್ ಪ್ಲೇಟನ್ನು ಆರು ತಿಂಗಳಿಗೊಮ್ಮೆ ಹೊಂದಿಸುವ ಕೋಚುಗಳು ಸ್ಟ್ಯಾಂಡನ್ನು ಮರೆಯುತ್ತಾರೆ. ಆ ಚಿಕ್ಕ ರೇಂಜಿನ ಕಬ್ಬಿಣದ ಕಂಬಕ್ಕೆ ನಾವು ಈಗ ಎನಾಮೆಲ್ ಬಣ್ಣದ ಗೆರೆಗಳನ್ನು ಎಳೆದಿದ್ದೇವೆ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಕೆಂಪು, ಹಳದಿ, ಹಸಿರು, ಬಿಳಿ. ಮೂರನೇ ಲೇನಿನ ಹುಡುಗಿಯದು ನೀಲಿ. ಮಳೆಗಾಲ ಕಳೆದು ಬಂದಾಗ ಜಾಕೆಟ್ ಹಾಕಿಕೊಂಡು ಭಂಗಿಗೆ ನಿಂತು, ಕಣ್ಣು ಮುಚ್ಚಿ, ಬಂದೂಕು ಇಳಿಸಿದಳು. ಕವೆ ತಾಗಲಿಲ್ಲ. ಹಳೆಯ ಗೆರೆಯನ್ನು ಹಾಗೆಯೇ ಬಿಟ್ಟು, ಅದರ ಮೇಲೆ ಎರಡು ಬೆರಳು ಎತ್ತರದಲ್ಲಿ ಅವಳೇ ಹೊಸ ನೀಲಿ ಗೆರೆ ಎಳೆದಳು.